ಟಾರ್ಚ್ ಬಿಟ್ಟಾಗ ಕಾಣುವ ಆ 'ಮಾಂಸ'

ಮೊಬೈಲ್ ಟಾರ್ಚ್ ಬಂದ ಮೇಲೆ ನಮ್ಮ ಇಎನ್‌ಟಿ ಓಪಿಡಿಗೆ ಹೊಸ ಥರದ ಪೇಷಂಟ್‌ಗಳು ಬರುತ್ತಾರೆ. ಕನ್ನಡಿ ಮುಂದೆ ತಲೆ ಎತ್ತಿ, ಹೊಳ್ಳೆಯೊಳಗೆ ಬೆಳಕು ಬಿಟ್ಟು ನೋಡಿಕೊಂಡಿರುತ್ತಾರೆ. "ಸಿಸ್ಟರ್, ಮೂಗಲ್ಲಿ ದುರ್ಮಾಂಸ ಬೆಳೆದಿದೆ, ಫೋಟೋನೂ ತಂದಿದೀನಿ." ಫೋಟೋದಲ್ಲಿ ಕೆಂಪಗೆ ದುಂಡಗೆ ಏನೋ ಇರುತ್ತದೆ. ಬಹಳ ಸಲ ಅದು ಹುಟ್ಟಿದಾಗಿನಿಂದ ಇರುವಂಥದ್ದೇ!

ಅದು ಟರ್ಬಿನೇಟ್. ಮೂಗಿನ ಹೊರಗೋಡೆಯಿಂದ ಒಳಕ್ಕೆ ಚಾಚಿಕೊಂಡ ಸುರುಳಿ ಮೂಳೆ, ಅದರ ಮೇಲೆ ರಕ್ತನಾಳ ತುಂಬಿದ ತೇವದ ಪೊರೆ. ಸಾಮಾನ್ಯವಾಗಿ ಒಂದೊಂದು ಬದಿಗೆ 3 ಇರುತ್ತವೆ. ಟಾರ್ಚಿಗೆ ಸಿಗುವುದು ಕೆಳಗಿನದ್ದು, ಎಲ್ಲಕ್ಕಿಂತ ದೊಡ್ಡದು. ಒಳಗೆಳೆದ ಗಾಳಿಯನ್ನು ಬಿಸಿ ಮಾಡಿ, ಒದ್ದೆ ಮಾಡಿ ಕಳಿಸುವುದು ಅದರ ಕೆಲಸ. ಕಣ್ಣೀರಿನ ನಾಳವೂ ಅದರ ಅಡಿಯಲ್ಲೇ ಬಂದು ತೆರೆದುಕೊಳ್ಳುತ್ತದೆ. ಅತ್ತರೆ ಮೂಗು ಸೋರುತ್ತದಲ್ವಾ, ಅದಕ್ಕೇ.

ದುರ್ಮಾಂಸ, ಅಂದರೆ ಪಾಲಿಪ್, ನೋಡೋಕೇ ಬೇರೆ. ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಮಸುಕಾಗಿ ಹೊಳೆಯುತ್ತದೆ. ಸಲಕರಣೆ ತಾಗಿಸಿದರೂ ಸಾಮಾನ್ಯವಾಗಿ ನೋಯುವುದಿಲ್ಲ. ಟರ್ಬಿನೇಟ್ ಮುಟ್ಟಿದರೆ ಪೇಷಂಟ್ ಕುರ್ಚಿಯಿಂದಲೇ ಎದ್ದುಬಿಡುತ್ತಾರೆ. ಅನುಮಾನ ಬಂದರೆ ಡಾಕ್ಟರ್ ಔಷಧಿಯಲ್ಲಿ ಅದ್ದಿದ ಹತ್ತಿ ಇಡಿಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಟರ್ಬಿನೇಟ್ ಕುಗ್ಗಿ ದಾರಿ ಬಿಟ್ಟಿರುತ್ತದೆ. ಪಾಲಿಪ್ ಜಗ್ಗುವುದಿಲ್ಲ.

"ಹಾಗಾದ್ರೆ ಒಂದೇ ಕಡೆ ಯಾಕೆ ಕಟ್ಟುತ್ತೆ?" ಎಂದು ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಆಗ ನಾನು ತಣ್ಣನೆಯ ಸ್ಟೀಲ್ ಪಟ್ಟಿಯನ್ನು ಮೂಗಿನ ಕೆಳಗೆ ಹಿಡಿದು ಉಸಿರು ಬಿಡಿ ಅನ್ನುತ್ತೇನೆ. ಎರಡು ಹಬೆ ಗುರುತು ಮೂಡುತ್ತವೆ, ಒಂದು ಅಗಲ, ಒಂದು ಚಿಕ್ಕದು. ಕೆಲವು ಗಂಟೆ ಬಿಟ್ಟು ಹಿಡಿದರೆ ಎಷ್ಟೋ ಜನರಲ್ಲಿ ಅದಲುಬದಲಾಗಿರುತ್ತದೆ. ಒಂದು ಬದಿಯ ಟರ್ಬಿನೇಟಿಗೆ ರಕ್ತ ತುಂಬಿದಾಗ ಇನ್ನೊಂದು ಬದಿಯದ್ದು ಇಳಿದಿರುತ್ತದೆ, ಆಮೇಲೆ ಪಾಳಿ ಬದಲು. 1895ರಲ್ಲೇ ಜರ್ಮನಿಯ ಕೈಸರ್ ಎಂಬ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ. ಮಗ್ಗುಲಾಗಿ ಮಲಗಿದರೆ ಕೆಳಗಿನ ಹೊಳ್ಳೆ ಕಟ್ಟುವುದೂ ಇದೇ ಟರ್ಬಿನೇಟ್ ಊದಿಕೊಂಡು.

ನನಗೆ ಸಿಟ್ಟು ಬರುವುದು ಕಟ್ಟಿದ ಮೂಗು ಬಿಡಿಸುವ ಡ್ರಾಪ್ಸ್ ವಿಷಯದಲ್ಲಿ. ನೆಗಡಿಗೆ ಮೂರ್ನಾಲ್ಕು ದಿನ ಹಾಕಿಕೊಳ್ಳಿ, ಬೇಡ ಅನ್ನಲ್ಲ. ಜನ ತಿಂಗಳುಗಟ್ಟಲೆ ಹಾಕುತ್ತಾರೆ. ಆಮೇಲೆ ಔಷಧಿ ಇಳಿದ ತಕ್ಷಣ ಟರ್ಬಿನೇಟ್ ಮೊದಲಿಗಿಂತ ಜಾಸ್ತಿ ಊದುತ್ತದೆ, ಮತ್ತೆ ಡ್ರಾಪ್ಸ್. ದಿಂಬಿನ ಕೆಳಗೆ ಬಾಟಲ್ ಇಲ್ಲದಿದ್ದರೆ ನಿದ್ದೆಯೇ ಇಲ್ಲ ಅನ್ನುವವರನ್ನು ನೋಡಿದ್ದೇನೆ.

ಪಾಳಿ ಬದಲಾಗದೆ ಸದಾ ಒಂದೇ ಬದಿ ಕಟ್ಟಿರುತ್ತದೆಯಾ? ಅದೇ ಬದಿಯಿಂದ ರಕ್ತ ಬರುತ್ತಿದೆಯಾ? ಹಾಗಿದ್ದರೆ ಫೋಟೋ ತೆಗೆಯುತ್ತಾ ಕೂರಬೇಡಿ, ಬೇಗ ಬಂದು ತೋರಿಸಿ.