ಎರಡನೆಯ ಮಗು ಮತ್ತು ಹಾಲಿನ ಬೂತಿನ ದಾರಿ

ಕಳೆದ ಜೂನ್ ತಿಂಗಳ ಒಂದು ಬೆಳಿಗ್ಗೆ, ಎಂಟು ವರ್ಷದ ನಮ್ಮ ಮಗಳು ಬಟ್ಟೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಮೊದಲ ಬಾರಿಗೆ ಒಬ್ಬಳೇ ಹಾಲು ತರಲು ಹೊರಟಳು. ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯಿಂದ ನಂದಿನಿ ಹಾಲಿನ ಬೂತ್ ಇನ್ನೂರು ಮೀಟರ್ ದೂರದಲ್ಲಿದೆ. ದಾರಿಯಲ್ಲಿ ಎರಡು ತಿರುವುಗಳಿವೆ, ಒಂದು ಕಡೆ ರಸ್ತೆ ದಾಟಬೇಕು. ಅದಕ್ಕೆ ಮೂರು ವಾರ ತಯಾರಿ ನಡೆಸಿದ್ದೆವು. ಮೊದಲ ವಾರ ಅವಳು ಮುಂದೆ, ನಾನು ಹಿಂದೆ. ಎರಡನೆಯ ವಾರ ನಾನು ರಸ್ತೆ ದಾಟುವ ಜಾಗದವರೆಗೆ ಮಾತ್ರ ಹೋಗಿ ನಿಂತೆ. ಮೂರನೆಯ ವಾರ ಮೊದಲ ತಿರುವಿನಲ್ಲೇ ಉಳಿದೆ. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿ ದಾಟಬೇಕೆಂಬ ಪಾಠವನ್ನು ಅವಳು ನಿದ್ದೆಯಲ್ಲೂ ಒಪ್ಪಿಸುವಷ್ಟು ಕಲಿತಿದ್ದಳು. ಆದರೂ ಆ ದಿನ ಗೇಟಿನ ಬಳಿ ನಿಂತಿದ್ದ ಹದಿನಾಲ್ಕು ನಿಮಿಷಗಳಲ್ಲಿ ನಾನು ಎಷ್ಟು ಸಲ ಗಡಿಯಾರ ನೋಡಿದೆನೋ ಲೆಕ್ಕವಿಲ್ಲ.

ಹಿಂದಿರುಗಿದವಳ ಚೀಲದಲ್ಲಿ ನಾನು ಹೇಳಿದ್ದ ನೀಲಿ ಪ್ಯಾಕೆಟ್ ಇರಲಿಲ್ಲ. "ನೀಲಿದು ಖಾಲಿಯಾಗಿತ್ತಮ್ಮ, ಅದಕ್ಕೇ ಶುಭಂ ಹಾಲು ತಂದೆ. ಇನ್ನೂ ಸ್ವಲ್ಪ ದುಡ್ಡು ಕೊಡಬೇಕಂತೆ. ನಾಳೆ ಕೊಡ್ತೀನಿ ಅಂತ ಹೇಳಿ ಬಂದಿದೀನಿ" ಎಂದಳು. ಮುಂಗೈಯಲ್ಲಿ ಪ್ಯಾಕೆಟ್ಟಿನ ತಣ್ಣನೆಯ ನೀರು ಇಳಿಯುತ್ತಿತ್ತು, ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಯಾರನ್ನೂ ಕೇಳದೆ ತಾನೇ ನಿರ್ಧರಿಸಿದ್ದಳು, ತನ್ನ ಹೆಸರಿನಲ್ಲಿ ಸಾಲವನ್ನೂ ಹೇಳಿ ಬಂದಿದ್ದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅದೇ ರಾತ್ರಿ ನಾನು ಗಂಡನಿಗೆ, "ನಮಗೆ ಇನ್ನೊಂದು ಮಗು ಬೇಕು ಅನ್ನಿಸುತ್ತಿದೆ ಕಣ್ರೀ" ಎಂದೆ.

ಐದು ವರ್ಷಗಳಿಂದ ಈ ಮಾತನ್ನು ಮನೆಯಲ್ಲಿ ಬೇರೆಯವರೆಲ್ಲ ಆಡುತ್ತಿದ್ದರು, ನಾನೊಬ್ಬಳು ಆಡಿರಲಿಲ್ಲ. ಅತ್ತೆಯವರು ಹಬ್ಬಹಬ್ಬಕ್ಕೂ "ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ ಕಣಮ್ಮ" ಎನ್ನುತ್ತಿದ್ದರು. ಅವರ ಕಾಲದಲ್ಲಿ "ನಾವಿಬ್ಬರು, ನಮಗಿಬ್ಬರು" ಎಂದು ಸರ್ಕಾರವೇ ಗೋಡೆಗಳ ಮೇಲೆ ಬರೆಸಿತ್ತು. "ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ" ಎಂಬ ಮಾತಂತೂ ಎಲ್ಲರ ಬಾಯಲ್ಲೂ ಇತ್ತು. ಈಗ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಕುಗ್ಗದಿರಲು 2.1 ಬೇಕೆನ್ನುತ್ತಾರೆ. 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶಿಸಿದ ಸಂಸ್ಥಾನದ ಊರು ನಮ್ಮದು. ಇಲ್ಲಿ ಈಗ ಹೆಚ್ಚು ಮಕ್ಕಳನ್ನು ಹೆರಿ ಎಂಬ ಉಪದೇಶವನ್ನೂ ಕೇಳಬೇಕಾಗಿದೆ. ಒಬ್ಬ ಹೆಣ್ಣಿನ ಒಡಲಿನ ಪ್ರಶ್ನೆಗೆ ಈ ಸರಾಸರಿಗಳಿಂದ ಉತ್ತರ ಸಿಗುವುದಿಲ್ಲ ಎಂದೇ ನಾನು ನಂಬಿದ್ದೇನೆ.

ಆ ಆಸೆ ಅದೇ ದಿನ ಏಕೆ ಹುಟ್ಟಿತು ಎಂಬುದು ನನ್ನನ್ನು ಬಹಳ ಕಾಡಿತು. ಮಗಳು ತಾನಾಗಿ ಜಡೆ ಹಾಕಿಕೊಳ್ಳಲು ಕಲಿತ ವಾರವೂ, ಬೇರೆ ಕೋಣೆಯಲ್ಲಿ ಮಲಗಲು ಹೋದ ರಾತ್ರಿಯೂ ಎದೆಯಲ್ಲಿ ಇಂಥದೇ ಒಂದು ಸಂಕಟ ಎದ್ದಿದ್ದು ಆಗ ನೆನಪಾಯಿತು. ಅವಳು ಒಂದೊಂದು ಹೆಜ್ಜೆ ದೂರ ಸರಿದಾಗಲೂ ನನ್ನ ಕೈಗಳು ಎತ್ತಿಕೊಳ್ಳಲು ಒಂದು ಮಗುವನ್ನು ಹುಡುಕುತ್ತಿದ್ದವು. ಹಾಗಾದರೆ ನನಗೆ ಬೇಕಾಗಿದ್ದುದು ಇನ್ನೊಂದು ಜೀವವೇ, ಅಥವಾ ನಾನಿಲ್ಲದೆ ನಡೆಯದ ಒಂದು ಮನೆಯೇ? ಆ ಹೊಸ ಮಗುವೂ ಎಂಟು ವರ್ಷಕ್ಕೆ ಹಾಲು ತರಲು ಹೊರಟೇ ಹೊರಡುತ್ತದೆ.

ಎಲ್ಲರೂ ಮುಂದಿಡುವ ಕಾರಣವೆಂದರೆ ಮಗಳಿಗೆ ಜೊತೆ ಬೇಕು, ತಮ್ಮನೋ ತಂಗಿಯೋ ಇದ್ದರೆ ಜವಾಬ್ದಾರಿ ಬರುತ್ತದೆ ಎಂಬುದು. ಈ ಮಾತು ಬಂದಾಗ ನನಗೆ ದೊಡ್ಡಮ್ಮನ ನೆನಪಾಗುತ್ತದೆ. ಆರು ಮಕ್ಕಳಲ್ಲಿ ಹಿರಿಯಳಾದ ಅವರು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟರು, ಏಕೆಂದರೆ ಅಜ್ಜಿ ಗದ್ದೆಗೆ ಹೋದಾಗ ಕೂಸನ್ನು ಕಂಕುಳಲ್ಲಿ ಎತ್ತಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ನನ್ನ ತಾಯಿಗೆ ಮೊದಲ ಅಕ್ಷರ ತಿದ್ದಿಸಿದವರೂ ಅವರೇ. ಹಿಂದೆ ಮಕ್ಕಳು ತಾವಾಗಿಯೇ ಬೆಳೆಯುತ್ತಿದ್ದರು ಎಂದು ಹಿರಿಯರು ಹೆಮ್ಮೆಯಿಂದ ಹೇಳುವಾಗ, ಹಾಗೆ ಬೆಳೆಸಿದ ಪುಟ್ಟ ಅಕ್ಕಂದಿರನ್ನು ಮರೆಯುತ್ತಾರೆ. ನನ್ನ ಮಗಳಿಗೆ ಕೊಡುವ ಸ್ವಾತಂತ್ರ್ಯ ಅವಳಿಗಾಗಿಯೇ ಇರಬೇಕು. ನಾಳೆ ಹುಟ್ಟಬಹುದಾದ ಕೂಸನ್ನು ನೋಡಿಕೊಳ್ಳಲು ಕೊಡುವ ತರಬೇತಿ ಅದಾಗಬಾರದು.

ದೇಹದ ಲೆಕ್ಕವೂ ಇತ್ತು. ನನಗೀಗ ಮೂವತ್ತೇಳು. ಮೊದಲ ಬಸಿರಿನಲ್ಲಿ ಸಕ್ಕರೆ ಅಂಶ ಏರಿ, ಕೊನೆಗೆ ಸಿಸೇರಿಯನ್ ಆಗಿತ್ತು. ಡಾಕ್ಟರ್ ಹೆದರಿಸದೆ, ಮುಚ್ಚಿಡದೆ ಹೇಳಿದರು: ಒಮ್ಮೆ ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದರೆ ಮತ್ತೆ ಬರುವ ಸಾಧ್ಯತೆ ಹೆಚ್ಚು; ಹುಟ್ಟಿನಿಂದಲೇ ಬೆಳವಣಿಗೆಯನ್ನು ನಿಧಾನಿಸುವ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಂಭವ ತಾಯಿಗೆ 35 ಆದಾಗ ಸುಮಾರು 350ಕ್ಕೆ ಒಂದಿದ್ದದ್ದು, 40ರ ಹೊತ್ತಿಗೆ ಸುಮಾರು 100ಕ್ಕೆ ಒಂದಾಗುತ್ತದೆ; ಆದರೂ ಈ ವಯಸ್ಸಿನಲ್ಲಿ ಆರೋಗ್ಯವಂತ ಮಕ್ಕಳನ್ನು ಹೆತ್ತವರು ಬೇಕಾದಷ್ಟಿದ್ದಾರೆ. ಉದ್ಯೋಗದ ಕಥೆಯೇ ಬೇರೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಕಾನೂನಿನಲ್ಲಿದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವಲ್ಲಿ ಶಿಶುಪಾಲನಾ ಕೇಂದ್ರವೂ ಇರಬೇಕು. ಮೊದಲ ಹೆರಿಗೆಯ ಹೊತ್ತಿಗೆ ನಾನು ದುಡಿಯುತ್ತಿದ್ದ ಕಡೆಯಿಂದ ರಜೆಯ ಹನ್ನೆರಡನೆಯ ವಾರದಿಂದಲೇ ಫೋನ್ ಬರತೊಡಗಿತ್ತು. ಹಿಂದಿರುಗಿದ ಮೇಲೆ ಸಾಮಾನು ತುಂಬಿದ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಎದೆಹಾಲು ಹಿಂಡಿದ್ದೇನೆ. ಅದನ್ನು ಇಂದಿಗೂ ಮರೆತಿಲ್ಲ.

ನನ್ನ ಗಂಡ ಒಳ್ಳೆಯವರು. ಆದರೆ ಎರಡು ತಿಂಗಳು "ನಿನ್ನಿಷ್ಟ" ಎಂಬ ಒಂದೇ ಮಾತು ಹೇಳಿದರು. ಅದು ಗೌರವದ ಮಾತೆಂದು ಅವರು ತಿಳಿದಿದ್ದರು. ನನಗೆ ಮಾತ್ರ ಇಡೀ ಭಾರವನ್ನು ನನ್ನೊಬ್ಬಳ ತಲೆಯ ಮೇಲಿಟ್ಟಂತೆ ಕಂಡಿತು. ಒಂದು ರಾತ್ರಿ ಅತ್ತು, ಹಾಗೆಂದು ಬಾಯಿಬಿಟ್ಟು ಹೇಳಿದೆ. ಆಗ ಅವರು ಮೊದಲ ಸಲ ತಮ್ಮ ಮನಸ್ಸು ಬಿಚ್ಚಿದರು. ಮೊದಲ ಹೆರಿಗೆಯ ದಿನ ಆಪರೇಷನ್ ಥಿಯೇಟರಿನ ಹೊರಗೆ ತಾವು ಪಟ್ಟ ಭಯ ಇನ್ನೂ ಹೋಗಿಲ್ಲವೆಂದೂ, ಒಬ್ಬನೇ ಮಗನಾಗಿ ಬೆಳೆದ ತಮಗೆ ಅದೊಂದು ಕೊರತೆಯೆಂದು ಅನ್ನಿಸಿಯೇ ಇಲ್ಲವೆಂದೂ, ತಂದೆಯವರು ಕಾಯಿಲೆಬಿದ್ದ ವರ್ಷ ಮಾತ್ರ ಒಬ್ಬ ತಂಗಿಯಾದರೂ ಇರಬೇಕಿತ್ತೆಂದು ತೋರಿತ್ತೆಂದೂ ಹೇಳಿದರು. ಮದುವೆಯಾಗಿ ಹನ್ನೊಂದು ವರ್ಷಗಳಲ್ಲಿ ನಾವು ಅಷ್ಟು ಹೊತ್ತು ಮಾತಾಡಿದ್ದು ಅಪರೂಪ.

ಎರಡನೆಯ ಮಗು ಬೇಡವೆಂದು ನಾವಿಬ್ಬರೂ ತೀರ್ಮಾನಿಸಿದೆವು. ಅತ್ತೆಯವರಿಗೆ ಅದನ್ನು ಅವರ ಮಗನೇ ತಿಳಿಸಿದರು. ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಮೂರನೆಯ ದಿನ ಅಟ್ಟದ ಮೇಲಿನ ಬೀಟೆ ಮರದ ತೊಟ್ಟಿಲನ್ನು ಇಳಿಸಿ ನಂಟರೊಬ್ಬರ ಮನೆಗೆ ಕಳುಹಿಸಲು ಹೇಳಿದರು. ಅದನ್ನು ಒರೆಸುವಾಗ ನನಗೆ ಅಳು ಬಂತು, ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

ಮಗಳಿಗೆ ಈಗ ಸಂಗೀತದ ಪಾಠಕ್ಕೆ ಸೈಕಲ್ಲಿನಲ್ಲಿ ಒಬ್ಬಳೇ ಹೋಗಬೇಕಂತೆ. ಅದಕ್ಕೆ ಪಂಚಮಂತ್ರ ರಸ್ತೆಯನ್ನು ದಾಟಬೇಕು. ಸಂಜೆಯ ವಾಹನಗಳ ನಡುವೆ ಅದು ಇನ್ನೂ ಅವಳಿಂದಾಗದು ಎಂಬುದು ನನ್ನ ಅಭಿಪ್ರಾಯ, ಆಗುತ್ತದೆ ಎಂಬುದು ಅವರಪ್ಪನದು. ಭಾನುವಾರ ಮೂವರೂ ಆ ದಾರಿಯಲ್ಲಿ ನಡೆದು ನೋಡಲಿದ್ದೇವೆ, ಅವಳು ಮುಂದೆ, ನಾವಿಬ್ಬರು ಹಿಂದೆ.