ಹುಳಿ ನೀರಿನಲ್ಲಿ ಕಂಡ ಹಸಿರು

ಮಳೆಗಾಲದಲ್ಲಿ ಮಡಿಕೇರಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಮಧ್ಯಾಹ್ನ ಮೂರಕ್ಕೇ ಕತ್ತಲೆ ಕವಿಯುತ್ತಿತ್ತು. ಮಂಜು ಕಿಟಕಿಯ ಸರಳಿನವರೆಗೂ ಬಂದು ನಿಂತಿರುತ್ತಿತ್ತು, ಕರೆಂಟು ಹೋಗಿರುತ್ತಿತ್ತು. 2004ರ ಜುಲೈ ತಿಂಗಳ ಅಂಥದೊಂದು ಮಧ್ಯಾಹ್ನ ನಮ್ಮ ಮೇಷ್ಟ್ರು ಟೈಟ್ರೇಷನ್ ನಿಲ್ಲಿಸಲು ಹೇಳಿ, ಖೋಟಾ ನೋಟು ಪತ್ತೆ ಹಚ್ಚುವ ನೇರಳಾತೀತ ದೀಪವನ್ನೂ ಹಳದಿ ಹೈಲೈಟರ್ ಪೆನ್ನೊಂದನ್ನೂ ಜೇಬಿನಿಂದ ಹೊರತೆಗೆದರು.

ಆ ಪೆನ್ನಿನ ಶಾಯಿಯಲ್ಲಿದ್ದ ಬಣ್ಣದ ಹೆಸರು ಪೈರನೀನ್. ಅದರ ಅಣುವಿನಲ್ಲಿ ಬಿಟ್ಟುಕೊಡಬಹುದಾದ ಪ್ರೋಟಾನ್, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್, ಒಂದಿದೆ. ಅದು ಇದ್ದಾಗ ಅಣು ನೀಲಿಯಾಗಿಯೂ, ಕಳೆದುಕೊಂಡಾಗ ಹಸಿರಾಗಿಯೂ ಹೊಳೆಯುತ್ತದೆ. ಶಾಯಿ ಬೆರೆಸಿದ ನೀರು ದೀಪದಡಿ ಹಸಿರಾಗಿ ಹೊಳೆಯಿತು. ಅದಕ್ಕೆ ಹುಳಿ ಬೆರೆಸಿದರೆ ಏನಾಗುವುದೆಂದು ನೋಡಬೇಕಿತ್ತು. ಹಿಂದಿನ ದಿನವೇ ಮನೆಯಿಂದ ಯಾವುದಾದರೂ ಹುಳಿ ತರಲು ಹೇಳಿದ್ದರಿಂದ ನಾನು ಅಜ್ಜಿಯ ಭರಣಿಯಿಂದ ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿ, ತಂದಿದ್ದೆ. ಅದನ್ನು ಸುರಿದೊಡನೆ ಪ್ರನಾಳವು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿ ಏನೂ ಕಾಣದಾಯಿತು. ತರಗತಿ ನಕ್ಕಿತು, ಮೇಷ್ಟ್ರು ನಗಲಿಲ್ಲ. ಬೇರೊಂದು ಪ್ರನಾಳಕ್ಕೆ ನಿಂಬೆಹಣ್ಣು ಹಿಂಡಿದರು.

ಹಳದಿ ಮಾಸಿ ನೀರು ಹೆಚ್ಚುಕಡಿಮೆ ತಿಳಿಯಾಯಿತು, ಅಂದರೆ ಆಮ್ಲವು ಪ್ರೋಟಾನನ್ನು ಅಣುವಿಗೆ ಮರಳಿ ಕೂಡಿಸಿತ್ತು. ಇನ್ನು ಹೊಳಪು ನೀಲಿಯಾಗಿರಬೇಕಲ್ಲವೇ? ದೀಪ ಹಿಡಿದರೆ ಮೊದಲಿನದೇ ಹಸಿರು. ಅದೇ ಶಾಯಿಯನ್ನು ಸ್ಪಿರಿಟ್‌ಗೆ ಹಾಕಿ ಒಂದು ತೊಟ್ಟು ನಿಂಬೆರಸ ಬಿಟ್ಟಾಗ ಮಾತ್ರ ನೀಲಿ ಕಾಣಿಸಿತು. "ಯಾಕೆಂದು ಯೋಚಿಸಿಕೊಂಡು ಬನ್ನಿ" ಎಂದರು. ಯಾರೂ ಯೋಚಿಸಿಕೊಂಡು ಬರಲಿಲ್ಲ.

ಉತ್ತರ ನನಗೆ ದೊರೆತದ್ದು ಎಷ್ಟೋ ವರ್ಷಗಳ ಬಳಿಕ, ಲೇಸರ್ ಪ್ರಯೋಗಾಲಯವೊಂದರಲ್ಲಿ. ಬೆಳಕನ್ನು ಹೀರಿದ ಅಣುವಿನೊಳಗೆ ಎಲೆಕ್ಟ್ರಾನ್‌ಗಳ ಹಂಚಿಕೆ ಬದಲಾಗಿ, ಆಕ್ಸಿಜನ್ ತನ್ನ ಪ್ರೋಟಾನಿನ ಮೇಲಿನ ಹಿಡಿತವನ್ನು ಸಡಿಲಿಸುತ್ತದೆ. ಆಮ್ಲದ ಪ್ರಾಬಲ್ಯವನ್ನು ಅಳೆಯುವ ಸಂಖ್ಯೆ ಪಿಕೆಎ; ಅದು ಕಡಿಮೆಯಾದಷ್ಟೂ ಆಮ್ಲ ಪ್ರಬಲ. ಕತ್ತಲಲ್ಲಿ ಏಳಕ್ಕಿಂತ ತುಸು ಹೆಚ್ಚಿದ್ದ ಈ ಪಿಕೆಎ ಬೆಳಕಿನಲ್ಲಿ ಒಂದರ ಆಸುಪಾಸಿಗೆ ಇಳಿದು, ಅದೇ ಅಣು ಸುಮಾರು ಹತ್ತು ಲಕ್ಷ ಪಟ್ಟು ಪ್ರಬಲವಾದ ಆಮ್ಲವಾಗುತ್ತದೆ. ಇಂಥ ಬದಲಾವಣೆಯನ್ನು ಬೆಳಕಿನ ಬಣ್ಣದಿಂದಲೇ ಲೆಕ್ಕಹಾಕುವ ದಾರಿಯನ್ನು ಜರ್ಮನಿಯ ಥಿಯೊಡೋರ್ ಫರ್ಸ್ಟರ್ 1950ರ ಹೊತ್ತಿಗೇ ತೋರಿಸಿದ್ದರು. ಪೈರನೀನ್ ಉದ್ರಿಕ್ತವಾಗಿ, ಅಂದರೆ ಹೀರಿದ ಬೆಳಕಿನ ಶಕ್ತಿಯನ್ನು ಇಟ್ಟುಕೊಂಡು, ಉಳಿಯುವುದು ಸುಮಾರು ಐದು ನ್ಯಾನೊಸೆಕೆಂಡ್, ಅಂದರೆ ಐದು ಸಾವಿರ ಪಿಕೊಸೆಕೆಂಡ್. ಪ್ರೋಟಾನ್ ನೀರಿಗೆ ದಾಟಲು ಬೇಕಾದದ್ದು ಸುಮಾರು 90 ಪಿಕೊಸೆಕೆಂಡ್ ಅಷ್ಟೆ. ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು. ಹೀಗೆ ನಮ್ಮ ನಿಂಬೆಯ ನೀರಿನಲ್ಲಿ ಅಣು ಹೊಳೆಯುವ ಮೊದಲೇ ಪ್ರೋಟಾನ್ ಹೋಗಿಬಿಟ್ಟಿತ್ತು. ಹೊರಬಂದ ಪ್ರೋಟಾನನ್ನು ಸುತ್ತುವರಿದು ಹಿಡಿದುಕೊಳ್ಳುವ ಹೈಡ್ರೋಜನ್ ಬಂಧಗಳ ಜಾಲ ನೀರಿನಲ್ಲಿರುವಂತೆ ಸ್ಪಿರಿಟ್‌ನಲ್ಲಿಲ್ಲ. ನೀರಿನ ಬದಲು ಭಾರಜಲವನ್ನು (ಹೈಡ್ರೋಜನ್‌ನ ಭಾರದ ರೂಪವಿರುವ ನೀರನ್ನು) ಬಳಸಿದರೆ ಇದೇ ದಾಟುವಿಕೆ ಸುಮಾರು ಮೂರು ಪಟ್ಟು ನಿಧಾನವಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ನೀಲಿಯ ಬಾಲ. ನೀರಿನಲ್ಲೂ ಪ್ರೋಟಾನ್ ಹೋಗುವ ಮುನ್ನ ಕಣ್ಣಿಗೆ ಕಾಣದಷ್ಟು ನೀಲಿ ಹೊಳಪು ಇರುತ್ತದೆ, ಲೇಸರ್ ಯಂತ್ರ ಅದನ್ನು ಹಿಡಿಯುತ್ತದೆ. ಆ ಹೊಳಪು ನೆಟ್ಟಗೆ ಇಳಿದು ಮುಗಿಯುವ ಬದಲು ಬಹಳ ಹೊತ್ತು ಎಳೆದುಕೊಂಡು ಹೋಗುತ್ತಿತ್ತು. ಯಂತ್ರದ ದೋಷವೆಂದುಕೊಂಡು ಎರಡು ವಾರ ಕನ್ನಡಿಗಳನ್ನು ಸರಿಪಡಿಸುತ್ತ ಕಳೆದೆ. ದೋಷವಿರಲಿಲ್ಲ. ಹೊರಟ ಪ್ರೋಟಾನ್‌ಗಳಲ್ಲಿ ಕೆಲವು, ನಾಲ್ಕು ಋಣ ವಿದ್ಯುದಂಶಗಳಿರುವ ತಮ್ಮ ಅಣುವಿನ ಸೆಳೆತಕ್ಕೆ ಸಿಕ್ಕಿ, ಹಿಂದಿರುಗಿ ಅದನ್ನೇ ಸೇರುತ್ತಿದ್ದವು. ಇಸ್ರೇಲಿನ ಟೆಲ್ ಅವೀವ್‌ನ ವಿಜ್ಞಾನಿ ಡಾನ್ ಹಪ್ಪರ್ಟ್ ಮತ್ತು ಸಂಗಡಿಗರು ಇದನ್ನು 1980ರ ದಶಕದಲ್ಲೇ ವಿವರಿಸಿದ್ದರು. ಮೊದಲೇ ಓದಿಕೊಂಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ಕಳೆದ ಹುತ್ತರಿಗೆ ಊರಿಗೆ ಬಂದಾಗ ನಿವೃತ್ತರಾಗಿ ತೋಟ ನೋಡಿಕೊಂಡಿರುವ ಮೇಷ್ಟ್ರನ್ನು ಕಂಡು ಇದನ್ನೆಲ್ಲ ವಿವರವಾಗಿ ಹೇಳಿದೆ. ಕಾಫಿ ಒಣಹಾಕಿದ್ದ ಕಣದ ಅಂಚಿನಲ್ಲಿ ಕುಳಿತು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಕಾಚಂಪುಳಿಯನ್ನು ಚೆನ್ನಾಗಿ ತೆಳುಮಾಡಿ, ಸೋಸಿ ನೋಡಿದಿರಾ?" ಎಂದು ಕೇಳಿದರು. ನಾನು ನೋಡಿರಲಿಲ್ಲ.