ಗಾಲ್ಫ್ ಲೆಕ್ಕದ ಪುಸ್ತಕ: ಮುಂಗಾರಿನಿಂದ ದಸರೆಯವರೆಗೆ

ಗಾಲ್ಫ್ ಶ್ರೀಮಂತರ ಆಟ ಎಂಬ ಮಾತು ಮಂಡ್ಯದಲ್ಲಿ ನನ್ನ ಬೆನ್ನು ಬಿಟ್ಟಿದ್ದೇ ಇಲ್ಲ. ಮಾತಿನಲ್ಲಿ ಹುರುಳಿದೆ. ಆದರೂ ಸಂಬಳದ ಮೇಲೆ ಮನೆ ನಡೆಸುವವನು ಸಾಲ ಮಾಡದೆ, ಮನೆಯವರ ಮುಖ ಬಾಡಿಸದೆ ಇದನ್ನು ಆಡಿಕೊಂಡು ಹೋಗಬಹುದೇ ಎಂಬುದನ್ನು ಬಾಯಿಮಾತಿಗೆ ಬಿಡದೆ ಬರೆದಿಟ್ಟು ನೋಡಬೇಕು ಅನ್ನಿಸಿತು. ಮುಂಗಾರು ಹಿಡಿಯುವ ಹೊತ್ತಿಗೆ ಉದ್ದನೆಯದೊಂದು ಲೆಕ್ಕದ ಪುಸ್ತಕ ತಂದು ಖರ್ಚು, ಸಮಯ, ಸಲಕರಣೆ ಎಂದು ಮೂರು ಕಾಲಂ ಹಾಕಿದೆ.

ನಾನು ಯಾವ ಕ್ಲಬ್‌ನ ಸದಸ್ಯನೂ ಅಲ್ಲ. ಮೈಸೂರಿನಲ್ಲಿರುವ ನನ್ನ ಷಡ್ಡಕರು ಸದಸ್ಯರು, ನಾನು ಅವರ ಅತಿಥಿ. ಮೈಸೂರಿನಲ್ಲಿ ಗಾಲ್ಫ್ ಎಂದರೆ ಮೊದಲು ನೆನಪಾಗುವುದು ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್ ಕೋರ್ಸ್‌ಗೆ ಹೊಂದಿಕೊಂಡಿರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್. ಹದಿನೆಂಟು ಹೋಲ್‌ಗಳ, ಅಂದರೆ ಚೆಂಡನ್ನು ಕೆಡವಬೇಕಾದ ಹದಿನೆಂಟು ಕುಳಿಗಳ ಮೈದಾನ. ವೃತ್ತಿಪರರ ಮೈಸೂರು ಓಪನ್ ನಡೆದಿರುವುದೂ ಇಲ್ಲಿಯೇ. ಟೀ ಮೇಲೆ, ಅಂದರೆ ಪ್ರತಿ ಹೋಲ್‌ನ ಮೊದಲ ಹೊಡೆತ ಆಡುವ ಜಾಗದಲ್ಲಿ, ನಿಂತು ತಲೆ ಎತ್ತಿದರೆ ಬೆಟ್ಟ ಕಣ್ಣ ಮುಂದೆಯೇ ಇರುತ್ತದೆ. ಇಂಥ ಜಾಗದಲ್ಲಿ ಆಡುವ ಅವಕಾಶ ಸಿಕ್ಕವನಿಗೆ ದೂರುವ ಹಕ್ಕು ಕಡಿಮೆ, ಕಲಿಯುವ ಹೊಣೆ ಹೆಚ್ಚು ಎಂದು ನಾನು ಭಾವಿಸುತ್ತೇನೆ.

ಜೂನ್

ಖರ್ಚಿನ ಕಾಲಂ ಮೊದಲು ತುಂಬಿತು. ಗ್ರೀನ್ ಫೀ (ಮೈದಾನದಲ್ಲಿ ಆಡಲು ಕೊಡುವ ಶುಲ್ಕ), ಬ್ಯಾಗ್ ಹೊರುವ ಕ್ಯಾಡಿಯ ಕೂಲಿ, ಕಳೆದುಹೋದ ಚೆಂಡುಗಳು, ಹೋಗಿ ಬರುವ ಖರ್ಚು, ಆಟ ಮುಗಿದ ಮೇಲಿನ ತಿಂಡಿ. ಎಲ್ಲರೂ ಗ್ರೀನ್ ಫೀ ಒಂದನ್ನೇ ಹಿಡಿದುಕೊಂಡು ಗೊಣಗುತ್ತಾರೆ. ಬರೆದು ನೋಡಿದಾಗ ಉಳಿದ ನಾಲ್ಕೂ ಸೇರಿ ಅದನ್ನು ಸುಲಭವಾಗಿ ಮೀರಿಸುತ್ತವೆ. ವಾರಾಂತ್ಯದ ದರ ಹೆಚ್ಚು, ಜನವೂ ಹೆಚ್ಚು. ಆದ್ದರಿಂದ ರಜೆ ಹೊಂದಿಸಿಕೊಂಡು ವಾರದ ನಡುವೆ ಬೆಳಿಗ್ಗೆ ಆಡುವುದೆಂದು ತೀರ್ಮಾನಿಸಿದೆವು.

ಪ್ರಯಾಣದಲ್ಲಿ ಉಳಿತಾಯ ಕಂಡದ್ದು ರೈಲಿನಿಂದ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ. ಬೆನ್ನಿಗೆ ಬ್ಯಾಗ್ ಕಟ್ಟಿಕೊಂಡು ಸರ್ವಿಸ್ ರಸ್ತೆಯ ಗದ್ದಲದಲ್ಲಿ ಬೈಕ್ ಓಡಿಸುವುದು ನನಗೆ ಬೇಡ. ರೈಲಿಗೆ ಹೊಂದುವಂತೆ ಬ್ಯಾಗನ್ನೇ ಚಿಕ್ಕದು ಮಾಡಿದೆ. ನಿಯಮದ ಪ್ರಕಾರ ಒಬ್ಬ ಆಟಗಾರ ಹೆಚ್ಚೆಂದರೆ 14 ಕ್ಲಬ್ (ಚೆಂಡು ಹೊಡೆಯುವ ಕೋಲು) ಒಯ್ಯಬಹುದು, ಕಡಿಮೆಗೆ ಮಿತಿಯಿಲ್ಲ. ನಾನು ಏಳು ಒಯ್ಯುತ್ತೇನೆ: ದೂರದ ಹೊಡೆತಕ್ಕೆ ಒಂದು ಫೇರ್‌ವೇ ವುಡ್, ಐದು, ಏಳು ಮತ್ತು ಒಂಬತ್ತನೇ ಐರನ್ (ಅಂಕಿ ಚಿಕ್ಕದಾದಷ್ಟೂ ಚೆಂಡು ದೂರ), ಹತ್ತಿರದ ಹೊಡೆತಕ್ಕೆ ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಕುಳಿಗೆ ಉರುಳಿಸಲು ಪಟರ್. ಎಲ್ಲಕ್ಕಿಂತ ದೂರ ಹೊಡೆಯುವ ಡ್ರೈವರ್ ಎಂಬ ಕ್ಲಬ್ ಮನೆಯಲ್ಲಿಯೇ ಇರುತ್ತದೆ. ಡ್ರೈವರ್ ಇಲ್ಲದೆ ಆಡತೊಡಗಿದ ಮೇಲೆ ಕಳೆಯುವ ಚೆಂಡುಗಳ ಲೆಕ್ಕ ಎದ್ದು ಕಾಣುವಂತೆ ಇಳಿಯಿತು.

ಕ್ಯಾಡಿಯ ಕೂಲಿಯಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಉಳಿಸಬಾರದು ಎಂದು ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿದ್ದೇನೆ. ಈ ಆಟ ನಮ್ಮ ಕಡೆ ಉಳಿದುಕೊಂಡಿರುವುದು ಅವರ ಕಾಲ್ನಡಿಗೆಯಿಂದ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು. ನಮ್ಮ ಬ್ಯಾಗ್ ಹೊರುವವರಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ಆಡಬಲ್ಲವರು ಇರುತ್ತಾರೆ ಎಂಬುದು ಮೈದಾನಕ್ಕೆ ಹೋದ ಎಲ್ಲರಿಗೂ ಗೊತ್ತು.

ಆಷಾಢ

ಮಳೆ, ಗಾಳಿ. ಮೈಸೂರಿಗೆ ಹೋಗುವುದು ಕಡಿಮೆಯಾದ್ದರಿಂದ ಮನೆಯ ಮಾಳಿಗೆಯ ಮೇಲೆ, ತಗಡಿನ ಮಾಡಿನ ಕೆಳಗೆ ಬಲೆ ಕಟ್ಟಿದೆ. ಕ್ರಿಕೆಟ್ ಅಭ್ಯಾಸದ ಬಲೆ ಸಾಕು ಎಂದು ಅಂಗಡಿಯವರು ಹೇಳಿದರು. ಗಾಲ್ಫ್ ಚೆಂಡಿನ ವ್ಯಾಸ ಕನಿಷ್ಠ 42.67 ಮಿಲಿಮೀಟರ್ ಇರಬೇಕೆಂಬುದು ನಿಯಮ. ಚೆಂಡುಗಳೆಲ್ಲ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಅವರು ತೋರಿಸಿದ ಬಲೆಯ ಕಣ್ಣಿಗೆ ಟೇಪ್ ಹಿಡಿದು ನೋಡಿದರೆ ಅದಕ್ಕಿಂತ ಅಗಲ. ಕ್ರಿಕೆಟ್ ಚೆಂಡನ್ನು ತಡೆಯುವ ಬಲೆಯೊಳಗಿಂದ ಇದು ನುಸುಳಿ ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ. ಕೊನೆಗೆ ಮೀನು ಹಿಡಿಯುವವರು ಬಳಸುವ, ಅಂಗುಲಕ್ಕಿಂತ ಕಿರಿದಾದ ಕಣ್ಣಿನ ಗಟ್ಟಿ ನೈಲಾನ್ ಬಲೆ ತಂದೆ. ಬಿಗಿಯಾಗಿ ಎಳೆದು ಕಟ್ಟಿದರೆ ಚೆಂಡು ಪುಟಿದು ಮುಖಕ್ಕೆ ಬರುತ್ತದೆ. ಕೆಳತುದಿ ಬಿಟ್ಟು ಸಡಿಲವಾಗಿ ಇಳಿಬಿಟ್ಟು, ಅದರ ಹಿಂದೆ ಹಳೆಯ ಜಮಖಾನವೊಂದನ್ನು ನೇತುಹಾಕಿದ್ದೇನೆ. ಚೆಂಡು ಬಡಿದ ಕೂಡಲೇ ಸತ್ತು ಕೆಳಗೆ ಬೀಳುತ್ತದೆ.

ಈ ತಿಂಗಳ ದೊಡ್ಡ ಕೆಲಸ ಗ್ರಿಪ್, ಅಂದರೆ ಕ್ಲಬ್ಬಿನ ಹಿಡಿಯ ಹೊದಿಕೆ, ಬದಲಿಸಿದ್ದು. ನನ್ನ ಐರನ್‌ಗಳು ಒಬ್ಬ ಹಿರಿಯರಿಂದ ಕೊಂಡವು. ತಲೆಗಳು ಗಟ್ಟಿಮುಟ್ಟು, ಶಾಫ್ಟ್‌ಗಳು (ತಲೆಗೂ ಹಿಡಿಗೂ ನಡುವಿನ ಕೊಳವೆ) ನೇರ, ಗ್ರಿಪ್‌ಗಳು ಮಾತ್ರ ಬೆವರು ಕುಡಿದು ಗಾಜಿನಂತೆ ನುಣುಪಾಗಿದ್ದವು. ಜಾರುವ ಗ್ರಿಪ್ ಇದ್ದರೆ ಕೈ ತನಗೆ ತಾನೇ ಬಿಗಿಯಾಗುತ್ತದೆ, ಮುಂಗೈ ಸೆಟೆಯುತ್ತದೆ, ಮಣಿಕಟ್ಟು ತಿರುಗುವುದಿಲ್ಲ. ಹೊಡೆತ ಕೆಟ್ಟಿತೆಂದು ಹೊಸ ಸೆಟ್ ಕೊಳ್ಳುವ ಮುನ್ನ ಗ್ರಿಪ್ ಬದಲಿಸಿ ನೋಡಿ ಎಂದು ನಾನು ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ.

ಕೆಲಸ ಹೀಗೆ. ಶಾಫ್ಟಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ವೈಸ್‌ನಲ್ಲಿ ಹಿಡಿಸಬೇಕು, ಬರಿಯ ಕಬ್ಬಿಣದ ದವಡೆ ತಾಗಬಾರದು. ಕೊಕ್ಕೆಯ ಅಲಗಿನ ಚಾಕುವಿನಿಂದ ಗ್ರಿಪ್ಪಿನ ಬಾಯಿಯಿಂದ ತುದಿಯವರೆಗೆ ಸೀಳಬೇಕು. ಅಲಗು ನಮ್ಮಿಂದ ದೂರ ಹೋಗುವಂತೆ ಇರಲಿ. ಸ್ಟೀಲ್ ಶಾಫ್ಟ್ ಆದರೆ ಅಷ್ಟು ಭಯವಿಲ್ಲ, ಗ್ರಾಫೈಟ್ ಆದರೆ ಒಂದು ಗೀರು ಬಿದ್ದರೂ ಮುಂದೆ ಅಲ್ಲಿಂದಲೇ ಮುರಿಯಬಹುದು. ಒಳಗಿನ ಹಳೆಯ ಟೇಪ್ ಒಣಗಿ ಹಪ್ಪಳೆಯಾಗಿತ್ತು. ಮಗಳ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಉಗುರಿನಲ್ಲಿ ಕೆರೆದು ತೆಗೆದೆ, ಉಳಿದ ಅಂಟನ್ನು ಬಣ್ಣದ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನ್‌ನಲ್ಲಿ ಒರೆಸಿದೆ. ಕೆಲವರು ಪೆಟ್ರೋಲ್ ಬಳಸುತ್ತಾರೆ. ಬೇಡ, ಬೆಂಕಿಯ ಅಪಾಯ ದೊಡ್ಡದು. ಟರ್ಪೆಂಟೈನ್ ಕೂಡ ಗಾಳಿಯಾಡುವ ಜಾಗದಲ್ಲಿಯೇ, ದೀಪ ಒಲೆಗಳಿಂದ ದೂರವೇ ಇರಲಿ.

ಆಮೇಲೆ ಎರಡೂ ಬದಿ ಅಂಟಿರುವ ಟೇಪನ್ನು ಶಾಫ್ಟಿನ ಉದ್ದಕ್ಕೆ ಸುತ್ತಿ, ತುದಿಯಲ್ಲಿ ಅರ್ಧ ಅಂಗುಲ ಹೆಚ್ಚು ಬಿಟ್ಟು, ಆ ಭಾಗವನ್ನು ಹಿಂಡಿ ಶಾಫ್ಟಿನ ಟೊಳ್ಳಿನೊಳಗೆ ತುರುಕಬೇಕು. ಇಲ್ಲದಿದ್ದರೆ ದ್ರಾವಣ ಒಳಗೆ ಇಳಿಯುತ್ತದೆ. ಹೊಸ ಗ್ರಿಪ್ಪಿನ ತಲೆಯಲ್ಲಿರುವ ಸಣ್ಣ ತೂತಿಗೆ ಒಂದು ಟೀ (ಇಲ್ಲಿ, ಚೆಂಡನ್ನು ಮೇಲಿಟ್ಟು ಹೊಡೆಯುವ ಸಣ್ಣ ಗೂಟ) ಚುಚ್ಚಿ ಮುಚ್ಚಿ, ಒಳಗೆ ಟರ್ಪೆಂಟೈನ್ ಸುರಿದು, ಬಾಯಿಯನ್ನು ಬೆರಳಿನಿಂದ ಒತ್ತಿಕೊಂಡು ಕುಲುಕಿ, ಅದನ್ನೇ ಟೇಪಿನ ಮೇಲೆ ಹರಿಸಿದರೆ ಟೇಪ್ ಲೋಳೆಯಾಗುತ್ತದೆ. ಈಗ ತಡಮಾಡದೆ ಒಂದೇ ಉಸಿರಿಗೆ ಗ್ರಿಪ್ಪನ್ನು ತಳ್ಳಬೇಕು. ಅರ್ಧಕ್ಕೆ ನಿಲ್ಲಿಸಿದರೆ ಅದು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ತುದಿ ಮುಟ್ಟಿದ ಮೇಲೆ ಹೊಂದಿಸಲು ಸ್ವಲ್ಪವೇ ಸಮಯ ಇರುತ್ತದೆ: ಕ್ಲಬ್ಬನ್ನು ನೆಲಕ್ಕೆ ಊರಿ, ಮುಖ ಗುರಿಗೆ ನೇರವಿದೆಯೇ, ಗ್ರಿಪ್ಪಿನ ಗುರುತು ನಡುವೆ ಬಂದಿದೆಯೇ ಎಂದು ನೋಡಿ ತಿರುಗಿಸಬೇಕು. ರಾತ್ರಿಯಿಡೀ ಒಣಗಲು ಬಿಟ್ಟರೆ ಬೆಳಿಗ್ಗೆಗೆ ಗಟ್ಟಿ.

ನನ್ನ ಬೆರಳುಗಳು ಉದ್ದ. ಒಂದು ಸುತ್ತು ಟೇಪ್ ಹೆಚ್ಚಾಗಿ ಹಾಕಿ ಹಿಡಿಯನ್ನು ದಪ್ಪ ಮಾಡಿಕೊಂಡೆ. ಸಾಮಾನ್ಯ ಗ್ರಿಪ್ 50 ಗ್ರಾಂ ಆಸುಪಾಸು ತೂಗುತ್ತದೆ. ಬಹಳ ಭಾರದ್ದು ಹಾಕಿದರೆ ಕ್ಲಬ್ಬಿನ ತಲೆ ಹಗುರವಾದಂತೆ ಅನ್ನಿಸುತ್ತದೆ. ಇದನ್ನು ಬೇರೆಯವರ ಕ್ಲಬ್ ಹಿಡಿದು ನೋಡಿ ಅರಿತುಕೊಂಡ ಮೇಲೆಯೇ ನನ್ನವನ್ನು ಆರಿಸಿದೆ.

ಆಗಸ್ಟ್

ಷಡ್ಡಕರು ಹೊಸ ಐರನ್ ಸೆಟ್ ಕೊಂಡರು. ಏಳನೇ ಐರನ್ನಿನಿಂದ ಹಿಂದಿಗಿಂತ ಹದಿನೈದು ಗಜ ದೂರ ಹೋಗುತ್ತಿದೆ ಎಂದು ಅವರಿಗೆ ಹಿಗ್ಗು. ಅವರ ಸಂತೋಷ ನನಗೂ ಸಂತೋಷ. ಆದರೆ ಕೊಳ್ಳುವ ಯೋಚನೆಯಲ್ಲಿರುವ ಉಳಿದವರಿಗಾಗಿ ಇದನ್ನು ಬರೆಯಲೇಬೇಕು. ಹಳೆಯ ಕಾಲದ ಏಳನೇ ಐರನ್ನಿನ ಲಾಫ್ಟ್, ಅಂದರೆ ಮುಖದ ಓರೆ, 34ರಿಂದ 36 ಡಿಗ್ರಿ ಇರುತ್ತಿತ್ತು. ಈಗ ದೂರಕ್ಕೆಂದೇ ಮಾಡಿದ ಸೆಟ್‌ಗಳಲ್ಲಿ ಅದು 30ಕ್ಕಿಂತ ಕೆಳಗೂ ಇಳಿದಿದೆ. ಓರೆ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ. ಅಂದರೆ ಹೊಸದರ ಏಳನೆಯದು ಹಳೆಯದರ ಐದು, ಆರರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೊಸ ತಲೆಗಳ ತೂಕವನ್ನು ಕೆಳಗೆ ಇಟ್ಟಿರುವುದರಿಂದ ಚೆಂಡು ಸುಲಭವಾಗಿ ಏಳುತ್ತದೆ, ಓರೆಯಾಗಿ ತಾಗಿದರೂ ಕ್ಷಮಿಸುತ್ತದೆ. ಆ ಅನುಕೂಲ ನಿಜ. ದೂರದ ಬಹುಪಾಲು ಮಾತ್ರ ತಳದಲ್ಲಿ ಕೆತ್ತಿರುವ ಅಂಕಿಯ ಬದಲಾವಣೆಯಿಂದ ಬಂದದ್ದು. ಅಂಗಡಿಗೆ ಹೋದಾಗ ಅಂಕಿ ಬಿಟ್ಟು ಡಿಗ್ರಿ ಕೇಳಿ.

ಮಳೆಗಾಲದ ಇನ್ನೊಂದು ಟಿಪ್ಪಣಿ. ಒದ್ದೆ ನೆಲದಲ್ಲಿ ತಾನು ಬಿದ್ದ ಗುಂಡಿಯಲ್ಲಿಯೇ ಹೂತುಕೊಂಡ ಚೆಂಡನ್ನು ದಂಡವಿಲ್ಲದೆ ಎತ್ತಿ ಡ್ರಾಪ್ ಮಾಡಬಹುದು, ಅಂದರೆ ಪಕ್ಕದಲ್ಲಿ ಕೈಯಿಂದ ಬೀಳಿಸಿ ಆಡಬಹುದು. 2019ರ ನಿಯಮಗಳಿಂದ ಈ ಸೌಲಭ್ಯ ಹುಲ್ಲು ಸಣ್ಣದಾಗಿ ಕತ್ತರಿಸಿದ ಫೇರ್‌ವೇಗೆ ಸೀಮಿತವಾಗಿಲ್ಲ, ಉದ್ದ ಹುಲ್ಲಿನ ರಫ್‌ನಲ್ಲಿಯೂ ಇದೆ. ಮರಳು ತುಂಬಿದ ಬಂಕರ್‌ನಲ್ಲಿ ಇಲ್ಲ.

ಸೆಪ್ಟೆಂಬರ್

ಸಮಯದ ಕಾಲಂ ಬಗ್ಗೆ ಬರೆಯಲು ಇಷ್ಟು ದಿನ ಕಾದಿದ್ದೇನೆ, ಏಕೆಂದರೆ ಈ ಪುಸ್ತಕದ ತಿರುಳು ಇದೇ ಎಂದು ಈಗ ನನಗೆ ಖಾತ್ರಿಯಾಗಿದೆ. ಹುಲ್ಲು ಕತ್ತರಿಸುವ ಯಂತ್ರದ ಡೀಸೆಲ್, ನೀರು, ಗೊಬ್ಬರ, ಕೆಲಸದವರ ಸಂಬಳ ಇವೆಲ್ಲ ಆ ದಿನ ಇಪ್ಪತ್ತು ಜನ ಆಡಿದರೂ ಅಷ್ಟೇ, ನೂರು ಜನ ಆಡಿದರೂ ಹೆಚ್ಚುಕಡಿಮೆ ಅಷ್ಟೇ. ಆಟ ನಿಧಾನವಾದಷ್ಟೂ ಬೆಳಗಿನ ಹೊತ್ತಿನಲ್ಲಿ ಹಿಡಿಸುವ ಜನ ಕಡಿಮೆ, ತಲೆಗೆ ಬೀಳುವ ಖರ್ಚು ಹೆಚ್ಚು. ಅರ್ಧ ದಿನದ ರಜೆ ಹಾಕಿ ರೈಲು ಹಿಡಿದು ಬರುವವನಿಗೆ ಐದು ಗಂಟೆಯ ಆಟ ಎಂದರೆ ಇಡೀ ದಿನ ಹೋಯಿತು. ನಿಧಾನದ ಆಟ ಮೊದಲು ಹೊರಗಟ್ಟುವುದು ಬಿಡುವು ಕಡಿಮೆ ಇರುವವರನ್ನೇ.

ಲೆಕ್ಕ ಹಾಕಿ ನೋಡಿ. ನಾಲ್ಕು ಜನ, ತಲಾ 90 ಹೊಡೆತ. ಒಟ್ಟು 360. ಪ್ರತಿ ಹೊಡೆತಕ್ಕೂ ಹತ್ತೇ ಸೆಕೆಂಡು ಹೆಚ್ಚು ತೆಗೆದುಕೊಂಡರೆ 3600 ಸೆಕೆಂಡು, ಅಂದರೆ ಸರಿಯಾಗಿ ಒಂದು ಗಂಟೆ. ಹೊಸಬರು ಹೆಚ್ಚು ಹೊಡೆತ ಆಡುತ್ತಾರೆ, ಅದಕ್ಕೇ ತಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತನ್ನ ಸರದಿ ಬಂದ ಮೇಲೆ ಗ್ಲೌಸ್ ಹುಡುಕುವವನು, ಚೆಂಡಿನ ಹತ್ತಿರ ಹೋಗಿ ನಿಂತ ಮೇಲೆ ಕ್ಲಬ್ ಯೋಚಿಸುವವನು ನೂರು ಹೊಡೆಯುವ ಚುರುಕು ಕಾಲಿನವನಿಗಿಂತ ಹೆಚ್ಚು ಹೊತ್ತು ತಿನ್ನುತ್ತಾನೆ.

ನಿಯಮಗಳನ್ನು ರೂಪಿಸುವ ಆರ್ ಆಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು 2019ರಲ್ಲಿ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹಲವು ಬದಲಾವಣೆ ತಂದವು. ಚೆಂಡು ಹುಡುಕಲು ಇದ್ದ ಐದು ನಿಮಿಷ ಮೂರಕ್ಕೆ ಇಳಿಯಿತು. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಕುಳಿಗೆ ದೂರದವರೇ ಮೊದಲು ಎಂದು ಕಾಯದೆ ಸಿದ್ಧವಿದ್ದವರು ಆಡಲಿ ಎಂಬುದಕ್ಕೆ ಪ್ರೋತ್ಸಾಹ ಸಿಕ್ಕಿತು. ಕುಳಿಯಲ್ಲಿ ನಿಲ್ಲಿಸಿದ ಬಾವುಟ ತೆಗೆಯದೆಯೇ ಪಟ್ ಮಾಡಬಹುದು, ಅಂದರೆ ಚೆಂಡನ್ನು ಕುಳಿಗೆ ಉರುಳಿಸಬಹುದು. ಅಡ್ಡಿಯಿಲ್ಲದೆ ಆಡಲು ಅವಕಾಶ ಸಿಕ್ಕ ಮೇಲೆ 40 ಸೆಕೆಂಡಿನೊಳಗೆ ಹೊಡೆಯಬೇಕೆಂಬ ಶಿಫಾರಸೂ ಇದೆ. ಇವನ್ನು ಓದಿದವರು ಬಹಳ, ಪಾಲಿಸುವವರು ಕಡಿಮೆ.

ನಮ್ಮ ಜೊತೆ ನಡೆಯುವ ಹಿರಿಯ ಕ್ಯಾಡಿಯೊಬ್ಬರು ಹೇಳಿಕೊಟ್ಟದ್ದು ಯಾವ ನಿಯಮದ ಪುಸ್ತಕದಲ್ಲಿಯೂ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಬ್ಯಾಗನ್ನು ಗ್ರೀನ್‌ನ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಮುಂದೆ ಇಡಲು ಹೋದಾಗ ತಡೆದರು. "ಮುಂದಿನ ಟೀ ಯಾವ ಕಡೆ ಇದೆಯೋ ಆ ಕಡೆಗೆ ಇಡಿ ಸಾರ್. ಪಟ್ ಆದ ಮೇಲೆ ಹಿಂದೆ ಬರುವ ಕೆಲಸ ಇರಬಾರದು."

"ಸ್ಕೋರ್ ಎಲ್ಲಿ ಬರೆಯುವುದು ಅಣ್ಣ?" ಎಂದೆ.

"ಅದನ್ನೂ ಅಲ್ಲಿಯೇ, ಮುಂದಿನ ಟೀ ಹತ್ತಿರ. ಇಲ್ಲಿ ನಿಂತು ಬರೆದರೆ ಹಿಂದಿನವರು ಹೊಡೆಯುವಂತಿಲ್ಲ."

ಇಷ್ಟಾದರೂ ಪಾರ್ ಮೂರರ (ಒಳ್ಳೆಯ ಆಟಗಾರ ಮೂರು ಹೊಡೆತಕ್ಕೆ ಮುಗಿಸುವ) ಹೋಲ್‌ಗಳಲ್ಲಿ ಸಾಲು ನಿಲ್ಲುವುದು ತಪ್ಪಲಿಲ್ಲ. ಅದಕ್ಕೆ ಆಟಗಾರರನ್ನು ಬೈದು ಪ್ರಯೋಜನವಿಲ್ಲ. ಪಾರ್ ನಾಲ್ಕರಲ್ಲಿ ಮುಂದಿನ ಗುಂಪು ಎರಡನೇ ಹೊಡೆತ ಆಡಿ ಮುಂದೆ ಹೋದರೆ ಹಿಂದಿನವರು ಟೀ ಬಿಡಬಹುದು. ಪಾರ್ ಮೂರರಲ್ಲಿ ಗ್ರೀನ್ ಖಾಲಿಯಾಗುವವರೆಗೆ ಕಾಯಲೇಬೇಕು. ಒಂದು ಗುಂಪು ಅಲ್ಲಿ ತೆಗೆದುಕೊಳ್ಳುವ ಹೊತ್ತಿಗಿಂತ ಕಡಿಮೆ ಅಂತರದಲ್ಲಿ ಮೊದಲ ಟೀಯಿಂದ ಗುಂಪುಗಳನ್ನು ಬಿಟ್ಟರೆ, ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಯ ತೂಕದ ಮನೆಯ ಮುಂದೆ ಗಾಡಿಗಳು ಸಾಲುಗಟ್ಟುವಂತೆ ಇಲ್ಲಿಯೂ ಸಾಲು ಬೆಳೆಯುತ್ತದೆ. ಗಾಡಿ ಎಷ್ಟು ಜೋರಾಗಿ ಬಂದರೂ ತೂಕ ಆಗುವುದು ಒಂದೊಂದೇ. ಮೊದಲ ಟೀಯಲ್ಲಿ ಎರಡು ನಿಮಿಷ ಹೆಚ್ಚು ಅಂತರ ಕೊಟ್ಟರೆ ಎಲ್ಲರೂ ಬೇಗ ಮನೆ ಸೇರುತ್ತಾರೆ. ಕ್ಲಬ್ ನಡೆಸುವವರು ಯಾರೇ ಇರಲಿ, ದಯವಿಟ್ಟು ಇದನ್ನು ಒಂದು ತಿಂಗಳು ಮಾಡಿ ನೋಡಲಿ.

ಸ್ನೇಹದ ಆಟಗಳಲ್ಲಿ ನಾವು ಇನ್ನೊಂದು ಸ್ಥಳೀಯ ನಿಯಮ ಬಳಸುತ್ತಿದ್ದೇವೆ. ಚೆಂಡು ಕಳೆದರೆ ಅಥವಾ ಗಡಿ ದಾಟಿದರೆ ಟೀಗೆ ವಾಪಸು ನಡೆಯದೆ, ಎರಡು ದಂಡದ ಹೊಡೆತ ಸೇರಿಸಿಕೊಂಡು ಹತ್ತಿರದ ಫೇರ್‌ವೇಯಲ್ಲಿ ಡ್ರಾಪ್ ಮಾಡುವುದು. 2019ರಿಂದ ಕ್ಲಬ್‌ಗಳು ಇದನ್ನು ಅಳವಡಿಸಿಕೊಳ್ಳಲು ಅವಕಾಶವಿದೆ.

ದಸರಾ ರಜೆ

ಊರೆಲ್ಲ ದೀಪ, ರಸ್ತೆಯೆಲ್ಲ ಜನ. ಬೆಳಗಿನ ಜಾವದ ಮೈದಾನ ಮಾತ್ರ ಖಾಲಿ ಖಾಲಿ. ಮೂವರ ಗುಂಪಿನಲ್ಲಿ ಒಂಬತ್ತು ಹೋಲ್‌ಗಳನ್ನು ಎರಡು ಗಂಟೆಯೊಳಗೆ ಮುಗಿಸಿದೆವು, ಯಾರೂ ಓಡಲಿಲ್ಲ. ಸಮಯದ ಕಾಲಂನಲ್ಲಿ ನಾನು ಬರೆದುಕೊಂಡಿದ್ದ ಗುರಿ ಇದೇ. ಒಂಬತ್ತು ಹೋಲ್ ಆಡಿದರೆ ಅದು ಅರ್ಧ ಆಟ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ಆಟಗಾರನ ಮಟ್ಟ ಅಳೆಯಲು 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಒಂಬತ್ತು ಹೋಲ್‌ಗಳ ಸ್ಕೋರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಖರ್ಚಿನ ಕಾಲಂ ಇನ್ನೂ ಭಾರವಾಗಿಯೇ ಇದೆ. ಅತಿಥಿಯಾಗಿ ಆಡುವವನಿಗೆ ಶುಲ್ಕದ ಮೇಲೆ ಹಿಡಿತವಿಲ್ಲ. ದೆಹಲಿಯಲ್ಲಿ ಅಭಿವೃದ್ಧಿ ಪ್ರಾಧಿಕಾರವೇ ನಡೆಸುವ ಕುತುಬ್ ಗಾಲ್ಫ್ ಮೈದಾನ ಸಾರ್ವಜನಿಕರಿಗೆ ತೆರೆದಿದೆ. ಶುಲ್ಕ ಕೊಟ್ಟು ಯಾರು ಬೇಕಾದರೂ ಆಡಬಹುದು. ಮೈಸೂರು, ಮಂಡ್ಯದ ಕಡೆ ಪೂರ್ತಿ ಮೈದಾನ ಬೇಡ, ಕಿರಿದಾದ ಒಂಬತ್ತು ಪಾರ್ ಮೂರು ಹೋಲ್‌ಗಳ ಒಂದು ಸಾರ್ವಜನಿಕ ಜಾಗವಾದರೂ ಬರಲಿ ಎಂಬುದು ನನ್ನ ಮನಸಾರೆಯ ಆಸೆ.

ಮುಂದಿನ ಕೆಲಸ ಷಡ್ಡಕರ ಮಗಳಿಗೆ ಕ್ಲಬ್ ಹೊಂದಿಸುವುದು. "ನಿಮ್ಮ ಹಳೆಯ ಏಳನೇ ಐರನ್ ಕತ್ತರಿಸಿ ಕೊಡಿ ದೊಡ್ಡಪ್ಪ" ಎಂದು ದುಂಬಾಲು ಬಿದ್ದಿದ್ದಾಳೆ. ದೊಡ್ಡವರ ಸ್ಟೀಲ್ ಶಾಫ್ಟನ್ನು ಕತ್ತರಿಸಿದರೆ ಅದು ಇನ್ನಷ್ಟು ಸೆಟೆದುಕೊಳ್ಳುತ್ತದೆ, ತಲೆಯ ಭಾರ ಹಾಗೆಯೇ ಉಳಿಯುತ್ತದೆ. ಹತ್ತು ವರ್ಷದ ಮಗುವಿನ ಮಣಿಕಟ್ಟಿಗೆ ಅದು ಒಳ್ಳೆಯದಲ್ಲ. ಹಗುರ ತಲೆಯ, ಬಾಗುವ ಗ್ರಾಫೈಟ್ ಶಾಫ್ಟಿನ ಮಕ್ಕಳ ಐರನ್ ಒಂದನ್ನು, ಜೊತೆಗೊಂದು ಪಟರನ್ನು ಯಾರಾದರೂ ಬೆಳೆದ ಮಕ್ಕಳ ಮನೆಯಿಂದ ಕೊಳ್ಳಲು ವಿಚಾರಿಸುತ್ತಿದ್ದೇನೆ. ಸಿಕ್ಕಿದರೆ ಗ್ರಿಪ್ ಅವಳೇ ಹಾಕುತ್ತಾಳಂತೆ, ಟರ್ಪೆಂಟೈನ್ ಮಾತ್ರ ನಾನು ಸುರಿಯಬೇಕಂತೆ.